ನಿದ್ದೆಹೋದ ಕಣದ ವರ್ಣತಂತುಗಳು

1960ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಗಿಡ್ಡವಾದ ವರ್ಣತಂತುವೊಂದನ್ನು ಕಂಡರು. ಕ್ಯಾನ್ಸರಿಗೂ ವರ್ಣತಂತುವಿನ ದೋಷಕ್ಕೂ ಇರುವ ನಂಟಿಗೆ ಅದು ಮೊದಲ ಗಟ್ಟಿ ಸಾಕ್ಷಿ. ಆದರೆ ವಯಸ್ಸಾದವರನ್ನೇ ಹೆಚ್ಚಾಗಿ ಕಾಡುವ ಇನ್ನೊಂದು ದೀರ್ಘಕಾಲಿಕ ರಕ್ತ ಕ್ಯಾನ್ಸರಿನಲ್ಲಿ, ಅಂದರೆ ‘ಬಿ’ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಮಿತಿಮೀರಿ ಸೇರಿಕೊಳ್ಳುವ ರೋಗದಲ್ಲಿ, ಮುಂದಿನ ಸುಮಾರು ಇಪ್ಪತ್ತು ವರ್ಷ ಸಂಶೋಧಕರಿಗೆ ಕಂಡದ್ದು ಬಹುಮಟ್ಟಿಗೆ ಸರಿಯಾಗಿದ್ದ ವರ್ಣತಂತುಗಳೇ.

ಎಡವಟ್ಟು ಆಗಿದ್ದದ್ದು ವಿಧಾನದಲ್ಲಿ. ಕಣ ಒಡೆದು ಎರಡಾಗುವ ಹೊತ್ತಿನಲ್ಲಿ ಮಾತ್ರ ವರ್ಣತಂತುಗಳು ಸೂಕ್ಷ್ಮದರ್ಶಕಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ಈ ರೋಗದ ‘ಬಿ’ ಕಣಗಳೋ ಪ್ರಯೋಗಾಲಯದಲ್ಲಿ ನಿದ್ದೆಹೋದಂತೆ ಸುಮ್ಮನಿರುತ್ತವೆ. ಅವನ್ನು ಎಬ್ಬಿಸಲು ಬೀನ್ಸ್ ಜಾತಿಯ ಕಾಳಿನಿಂದ ತೆಗೆದ ಪದಾರ್ಥವೊಂದನ್ನು ಬಳಸುತ್ತಿದ್ದರು. ಅದು ಎಬ್ಬಿಸುತ್ತಿದ್ದುದು ‘ಟಿ’ ಎಂಬ ಬೇರೆ ಜಾತಿಯ, ಆರೋಗ್ಯವಂತ ಕಣಗಳನ್ನು. ಕಳ್ಳನನ್ನು ಹುಡುಕಹೋಗಿ ಪಕ್ಕದ ಮನೆಯವನನ್ನು ವಿಚಾರಿಸಿ ಬಂದಂತಾಯಿತು!

‘ಬಿ’ ಕಣಗಳನ್ನೇ ಕೆರಳಿಸುವ ಪದಾರ್ಥಗಳನ್ನು ಬಳಸಿದ ಸ್ವೀಡನ್ನಿನ ಯೋಸ್ಟಾ ಗಾರ್ಟನ್ ಮತ್ತು ಸಂಗಡಿಗರು 1980ರಲ್ಲಿ ಹನ್ನೆರಡನೆಯ ವರ್ಣತಂತು ಎರಡರ ಬದಲು ಮೂರಿರುವುದನ್ನು ತೋರಿಸಿದರು. 1990ರ ದಶಕದಲ್ಲಿ, ವರ್ಣತಂತುವಿನ ಗೊತ್ತಾದ ಜಾಗಕ್ಕೇ ಅಂಟಿ ಹೊಳೆಯುವ ರಾಸಾಯನಿಕ ಗುರುತುಗಳು ಬಂದವು. ಕಣ ಒಡೆಯುವುದನ್ನು ಕಾಯುವ ಪ್ರಮೇಯವೇ ಉಳಿಯಲಿಲ್ಲ.

2000ದಲ್ಲಿ ಜರ್ಮನಿಯ ಹಾರ್ಟ್‌ಮುಟ್ ಡೋನರ್ ತಂಡ 325 ರೋಗಿಗಳ ಲೆಕ್ಕ ಮುಂದಿಟ್ಟಿತು. ಶೇ 82ರಷ್ಟು ಮಂದಿಯಲ್ಲಿ ದೋಷವಿತ್ತು. ಹದಿಮೂರನೆಯ ವರ್ಣತಂತುವಿನ ತುಣುಕಷ್ಟೇ ಕಳೆದುಹೋದವರಲ್ಲಿ ಅರ್ಧದಷ್ಟು ಜನ, ರೋಗ ಪತ್ತೆಯಾದ ಮೇಲೆ 133 ತಿಂಗಳು ದಾಟಿದ್ದರು. ಯಾವ ದೋಷವೂ ಕಾಣದವರಲ್ಲಿ ಈ ಅವಧಿ 111 ತಿಂಗಳು. ಹದಿನೇಳನೆಯದು ಮುರಿದವರಲ್ಲಿ ಕೇವಲ 32.

ಹೆಸರು ಒಂದೇ, ರೋಗ ಒಂದೇ ಅಲ್ಲ. ಹದಿನೇಳನೆಯದರಲ್ಲಿ ಪಿ53 ಪ್ರೋಟೀನಿನ ವಂಶವಾಹಿ ಇದೆ. ಹಳೆಯ ಕೀಮೋ ಔಷಧಿಗಳು ಕಣದ ಡಿಎನ್‌ಎಯನ್ನು ಹಾಳುಗೆಡವುತ್ತವೆ. ಹಾಳಾದ ಕಣಕ್ಕೆ ಸಾಯಲು ಅಪ್ಪಣೆ ಕೊಡುವುದು ಈ ಪಿ53. ಅದಿಲ್ಲದ ಕ್ಯಾನ್ಸರ್ ಕಣ ಔಷಧಿಗೆ ಜಗ್ಗುವುದು ಕಡಿಮೆ. ಆದರೆ ಔಷಧಿಯ ಬಾಧೆ ಮಾತ್ರ ರೋಗಿಗೆ ತಪ್ಪದು. ಇಂಥ ರೋಗಿಗಳಿಗೂ ಬಹುಕಾಲ ಅದೇ ಔಷಧಿ ಕೊಡಲಾಗುತ್ತಿತ್ತು.

ಪಿ53ರ ಹಂಗಿಲ್ಲದೆ ಕಣವನ್ನು ಸಾಯಿಸುವ ವೆನೆಟೊಕ್ಲಾಕ್ಸ್ ಗುಳಿಗೆಗೆ ಅಮೆರಿಕ 2016ರಲ್ಲಿ ಅನುಮತಿ ನೀಡಿದ್ದು ಮೊದಲು ಈ ಹದಿನೇಳನೆಯದು ಮುರಿದವರಿಗಾಗಿಯೇ. ಈ ದೋಷ ರೋಗ ಬೆಳೆಯುತ್ತ ಹೊಸದಾಗಿಯೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಚಿಕಿತ್ಸೆ ಬದಲಿಸುವಾಗಲೆಲ್ಲ ಪರೀಕ್ಷೆಯನ್ನು ಮತ್ತೆ ಮಾಡಬೇಕೆಂಬುದು ಇಂದಿನ ತಜ್ಞರ ಸೂಚನೆ.