ರೈತನ ನೋಟ್‌ಬುಕ್ಕು ಮತ್ತು ದಿದೊ ಸೋತಿರಿಯು

ಗ್ರೀಸ್ ಅಂದರೆ ಅಲೆಕ್ಸಾಂಡರ್, ಗ್ರೀಸ್ ಅಂದರೆ ಸಾಕ್ರೆಟಿಸ್. ಪಠ್ಯಪುಸ್ತಕ ಅಲ್ಲಿಗೇ ನಿಂತುಬಿಡುತ್ತದೆ. ಸಮುದ್ರದ ಆಚೆ ದಂಡೆಯ ಅನಾತೋಲಿಯಾದಲ್ಲಿ, ಅಂದರೆ ಇಂದಿನ ಟರ್ಕಿಯಲ್ಲಿ, ಅಂಜೂರ ಬೆಳೆದುಕೊಂಡು ತುರ್ಕರ ಪಕ್ಕದಲ್ಲೇ ಬದುಕಿದ್ದ ಗ್ರೀಕ್ ರೈತರು ಏನಾದರು ಅಂತ ಅದರಲ್ಲಿ ಇರುವುದಿಲ್ಲ. ಅದನ್ನು ಹೇಳಿದವಳು ಒಬ್ಬ ಪತ್ರಕರ್ತೆ, ದಿದೊ ಸೋತಿರಿಯು.

ಈಕೆ ಹುಟ್ಟಿದ್ದು 1909ರಲ್ಲಿ, ಅನಾತೋಲಿಯಾದ ಐದಿನ್ ಪಟ್ಟಣದ ಅನುಕೂಲಸ್ಥರ ಮನೆಯಲ್ಲಿ. ಆಗ ಅದು ಆಟೊಮನ್ ಸುಲ್ತಾನನ ರಾಜ್ಯ. ಮೊದಲ ಮಹಾಯುದ್ಧದಲ್ಲಿ ಸುಲ್ತಾನ ಸೋತ. ಗೆದ್ದ ಬ್ರಿಟನ್, ಫ್ರಾನ್ಸ್ ಮೊದಲಾದ ದೇಶಗಳು ಅವನ ರಾಜ್ಯ ಹಂಚಿಕೊಳ್ಳಲು ಕೂತವು. ಅವುಗಳ ಒಪ್ಪಿಗೆಯಿಂದಲೇ 1919ರ ಮೇನಲ್ಲಿ ಗ್ರೀಕ್ ಸೈನ್ಯ ಸ್ಮಿರ್ನಾ ಬಂದರಿನಲ್ಲಿ ಇಳಿಯಿತು. ಮಹಾ ಗ್ರೀಸ್ ಕಟ್ಟುತ್ತೇವೆ ಅಂತ ಅಥೆನ್ಸಿನ ದೊಡ್ಡವರು ಭಾಷಣ ಬಿಗಿದರು. ಸೈನ್ಯ ಒಳನಾಡಿಗೆ ನುಗ್ಗಿತು. 1921ರಲ್ಲಿ ಸಕಾರ್ಯ ನದಿಯ ಹತ್ತಿರ ತಡೆ ಬಿತ್ತು, ಮರುವರ್ಷ ಮುರಿದು ಓಡಿತು. ಓಡುವಾಗ ದಾರಿಯ ತುರ್ಕಿ ಹಳ್ಳಿಗಳನ್ನು ಸುಟ್ಟುಕೊಂಡೇ ಓಡಿತು. 1922ರ ಸೆಪ್ಟೆಂಬರ್ 9ಕ್ಕೆ ತುರ್ಕಿ ಸೈನ್ಯ ಸ್ಮಿರ್ನಾ ಹೊಕ್ಕಿತು. ನಾಲ್ಕೇ ದಿನಕ್ಕೆ ಊರಿಗೆ ಬೆಂಕಿ. ಹಿಂದೆ ಬೆಂಕಿ, ಮುಂದೆ ನೀರು, ನಡುವೆ ಬಂದರಿನ ಕಟ್ಟೆಯ ಮೇಲೆ ಲಕ್ಷಗಟ್ಟಲೆ ಜನ. ಆ ನೀರಿನಲ್ಲೇ ಬ್ರಿಟನ್, ಫ್ರಾನ್ಸ್, ಇಟಲಿ, ಅಮೆರಿಕಗಳ ಯುದ್ಧನೌಕೆಗಳು ನಿಂತಿದ್ದವು. ದಂಡು ಇಳಿಸಲು ಬೆನ್ನು ತಟ್ಟಿದವರು ಈಗ ತಾವು ತಟಸ್ಥರು ಅಂದರು.

ಹದಿಮೂರರ ಹುಡುಗಿ ದಿದೊ ಆ ವರ್ಷ ನಿರಾಶ್ರಿತಳಾಗಿ ಗ್ರೀಸಿಗೆ ಬಂದಳು.

1923ರ ಜನವರಿಯಲ್ಲಿ ಲಾಸಾನ್ ನಗರದಲ್ಲಿ ಎರಡೂ ಸರ್ಕಾರಗಳು ಸಹಿ ಹಾಕಿದವು. ಓಡಿಬಂದವರು ಹಿಂದಿರುಗಕೂಡದು; ಇಸ್ತಾಂಬುಲ್ ಮುಂತಾದ ಒಂದೆರಡು ಕಡೆ ಬಿಟ್ಟು ಉಳಿದವರೆಲ್ಲ ಎದ್ದು ಹೊರಡಬೇಕು. ಹೀಗೆ ಗ್ರೀಸಿಗೆ ಬಂದವರು ಸುಮಾರು 12 ಲಕ್ಷ. ಟರ್ಕಿಗೆ ಹೋದವರು ಮೂರೂವರೆ ಲಕ್ಷಕ್ಕೂ ಹೆಚ್ಚು. ಯಾರು ಎತ್ತ ಹೋಗಬೇಕು ಅನ್ನುವುದನ್ನು ಗೊತ್ತುಮಾಡಿದ್ದು ಆಡುವ ಮಾತಲ್ಲ, ಮತ. ತುರ್ಕಿ ಬಿಟ್ಟು ಬೇರೆ ಮಾತು ಬಾರದ ಕ್ರೈಸ್ತರು ಗ್ರೀಸಿಗೆ. ಗ್ರೀಕ್ ಆಡುವ ಕ್ರೀಟ್ ದ್ವೀಪದ ಮುಸಲ್ಮಾನರು ಟರ್ಕಿಗೆ! ಇಷ್ಟಾಗಿ ಬಂದವರನ್ನು ಅಪ್ಪಿಕೊಂಡರೇ? ‘ತುರ್ಕರ ಬೀಜ’ ಅಂತ ಹೀಗಳೆದರು. ಅಥೆನ್ಸಿನ ಸುತ್ತ ಗುಡಿಸಲು ಹಾಕಿಕೊಂಡ ಇದೇ ಜನರ ಹೆಣ್ಣುಮಕ್ಕಳು ಬಟ್ಟೆ, ಜಮಖಾನೆ ಕಾರ್ಖಾನೆಗಳಿಗೆ ಅಗ್ಗದ ಕೂಲಿಗೆ ಒದಗಿದರು.

ದಿದೊ 1936ರ ಹೊತ್ತಿಗೆ ಪತ್ರಿಕೆಯ ಕೆಲಸಕ್ಕೆ ಬಂದಳು. ಅದೇ ವರ್ಷ ಮೆಟಾಕ್ಸಾಸನ ಸರ್ವಾಧಿಕಾರ ಶುರು. ಆಮೇಲೆ ಜರ್ಮನರ ಆಕ್ರಮಣ. ಆ ಕಾಲದಲ್ಲಿ ಈಕೆ ಪ್ರತಿರೋಧ ಚಳವಳಿಯ ಗುಪ್ತ ಪತ್ರಿಕೆಗಳಿಗೆ ದುಡಿದಳು. 1944ರಲ್ಲಿ ಕಮ್ಯುನಿಸ್ಟ್ ಪಕ್ಷದ ‘ರಿಜೋಸ್ಪಾಸ್ತಿಸ್’ ಪತ್ರಿಕೆಯ ಮುಖ್ಯ ಸಂಪಾದಕಿಯಾದಳು. ಸರ್ಕಾರ ಹೆಂಗಸರಿಗೆ ಸಂಸತ್ತಿನ ಓಟು ಕೊಟ್ಟದ್ದು 1952ರಲ್ಲಿ ಅನ್ನುವುದನ್ನು ಇಲ್ಲಿ ನೆನೆಯಬೇಕು.

ಓಟು ಬಂದ ಅದೇ 1952ರಲ್ಲಿ ಆಕೆಯ ಮನೆಗೆ ಗುಂಡೂ ಬಂತು. ತಂಗಿ ಎಲಿ ಪಪ್ಪಾ, ಅವಳ ಸಂಗಾತಿ ನಿಕೋಸ್ ಬೆಲೊಯಾನ್ನಿಸ್ ಇಬ್ಬರಿಗೂ ಮರಣದಂಡನೆಯಾಗಿತ್ತು. ಪಿಕಾಸೊ ಅವನ ಚಿತ್ರ ಬರೆದ, ಲೋಕದ ನಾನಾ ಕಡೆಯಿಂದ ಮನವಿಗಳು ಬಂದವು. ಸರ್ಕಾರ ಕೇಳಲಿಲ್ಲ. ಮಾರ್ಚ್ 30ರ ಭಾನುವಾರ, ಬೆಳಕು ಹರಿಯುವ ಮುಂಚೆ, ಲಾರಿಯ ದೀಪದ ಬೆಳಕಿನಲ್ಲಿ ಅವನನ್ನೂ ಇನ್ನು ಮೂವರನ್ನೂ ಗುಂಡಿಕ್ಕಿ ಕೊಂದರು. ಜೈಲಿನಲ್ಲಿ ಹೆತ್ತ ಕೂಸಿದ್ದ ಕಾರಣ ಎಲಿಯ ಜೀವ ಉಳಿಯಿತು. ಜೈಲು ಉಳಿಯಿತು, ಹತ್ತು ವರ್ಷಕ್ಕೂ ಮೀರಿ. ಆ ಮಗುವನ್ನು ಸಾಕಿದವಳು ದೊಡ್ಡಮ್ಮ ದಿದೊ. ಈ ಕೇಸನ್ನು ಆಕೆ ‘ಆಜ್ಞೆ’ ಎಂಬ ಕಾದಂಬರಿ ಮಾಡಿದ್ದು 1976ರಲ್ಲಿ, ಸೈನ್ಯದ ಸರ್ವಾಧಿಕಾರ ಬಿದ್ದ ಮೇಲೆ.

ಮೊದಲ ಕಾದಂಬರಿ ಬಂದಾಗ ಆಕೆಗೆ ಐವತ್ತು ವಯಸ್ಸು. ‘ಸತ್ತವರು ಕಾಯುತ್ತಿದ್ದಾರೆ’ (1959) ತನ್ನಂಥ ಉಳ್ಳವರ ಮನೆಯ ಹುಡುಗಿಯ ಕಥೆ. ಅಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. 1962ರಲ್ಲಿ ‘ರಕ್ತ ಮೆತ್ತಿದ ಮಣ್ಣು’ ಬಂತು. ಅದರಲ್ಲಿ ಮಾತಾಡುವವನು ಮನೋಲಿಸ್ ಆಕ್ಸಿಯೋತಿಸ್, ಎಫೆಸಸ್ ಹತ್ತಿರದ ಕಿರ್ಕಿಂಜೆ ಹಳ್ಳಿಯ ರೈತನ ಮಗ. ಇವನು ಕಲ್ಪನೆಯ ಮನುಷ್ಯನಲ್ಲ. ತಾನು ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅದನ್ನು ದಿದೊ ಕೈಗಿತ್ತವನು.

ತುರ್ಕಿ ಸರ್ಕಾರ ಅವನ ಕೈಗೆ ಬಂದೂಕು ಕೊಡಲಿಲ್ಲ. ಕ್ರೈಸ್ತರನ್ನು ನಂಬದೆ ಕೂಲಿ ಪಡೆಗೆ ಹಾಕಿತು. ಹಸಿವು, ರೋಗಕ್ಕೆ ಆ ಪಡೆಗಳಲ್ಲಿ ಜನ ಹುಳುಗಳ ಹಾಗೆ ಸತ್ತರು. ಆಮೇಲೆ ಗ್ರೀಕ್ ಸರ್ಕಾರ ಬಂದೂಕು ಕೊಟ್ಟಿತು, ಪಕ್ಕದೂರಿನವನನ್ನು ಕೊಲ್ಲಲಿಕ್ಕೆ. ತುರ್ಕರ ಕ್ರೌರ್ಯ ಹೇಳುವ ಬಾಯಲ್ಲೇ ಮನೋಲಿಸ್ ಗ್ರೀಕ್ ಸೈನಿಕರು ಮಾಡಿದ್ದನ್ನೂ ಹೇಳುತ್ತಾನೆ. 1962ರ ಗ್ರೀಸಿನಲ್ಲಿ ಇದನ್ನು ಅಚ್ಚು ಹಾಕಿಸುವುದು ಸಣ್ಣ ಮಾತಲ್ಲ. ಕ್ರೀಟಿನ ಒಬ್ಬ ವಿದ್ಯಾರ್ಥಿ-ಸೈನಿಕ ಯುದ್ಧದ ಹಿಂದಿರುವ ಸಾಮ್ರಾಜ್ಯಶಾಹಿ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳುವ ಕಡೆ ಮಾತ್ರ ಸಂಪಾದಕೀಯದ ದನಿ ಸ್ವಲ್ಪ ಗಟ್ಟಿಯಾಗಿ ಕೇಳುತ್ತದೆ. ಇರಲಿ, ಲೆಕ್ಕವೇನೂ ಸುಳ್ಳಲ್ಲ.

ಒಂದು ಪ್ರಶ್ನೆ ನಮ್ಮಂಥವರು ಕೇಳಲೇಬೇಕು. ಉಂಡ ನೋವು ರೈತನದು, ಹೊದಿಕೆಯ ಮೇಲಿನ ಹೆಸರು ಪತ್ರಕರ್ತೆಯದು, ಇದು ಸರಿಯೇ? ದಿದೊ ಅವನ ಹೆಸರನ್ನು ಮುಚ್ಚಲಿಲ್ಲ. ಕಥೆಯೊಳಗೆ ಅವನ ಹೆಸರನ್ನೇ ಇಟ್ಟಳು, ಮುನ್ನುಡಿಯಲ್ಲಿ ನೋಟ್‌ಬುಕ್ಕಿನ ಋಣ ಒಪ್ಪಿಕೊಂಡಳು, ಇಡೀ ಪುಸ್ತಕದಲ್ಲಿ ‘ನಾನು’ ಎಂಬ ಮಾತನ್ನು ಅವನಿಗೇ ಬಿಟ್ಟುಕೊಟ್ಟಳು. ಅವನ ನಾಲಗೆಯನ್ನು ಶಿಷ್ಟರ ನಾಲಗೆ ಮಾಡಲಿಲ್ಲ. ಪ್ರಶ್ನೆ ಇದರಿಂದ ಪೂರ್ತಿ ತೀರುವುದಿಲ್ಲ. ಆದರೆ ಎದುರಿನವನ ಮಾತು ಕೇಳಿಸಿಕೊಳ್ಳುವ ಪತ್ರಿಕೆಯ ಕಸುಬನ್ನು ಕಾದಂಬರಿಯೊಳಕ್ಕೆ ತಂದವಳು ಈಕೆ ಅನ್ನುವುದು ನಿಜ.

1970ರಲ್ಲಿ ಪುಸ್ತಕ ತುರ್ಕಿಗೆ ಅನುವಾದವಾಯಿತು, ‘ಅನಾತೋಲಿಯಾಕ್ಕೆ ನನ್ನ ನಮಸ್ಕಾರ ಹೇಳು’ ಎಂಬ ಹೆಸರಿನಲ್ಲಿ. ದಿದೊ 2004ರ ಸೆಪ್ಟೆಂಬರಿನಲ್ಲಿ ಅಥೆನ್ಸಿನಲ್ಲಿ ತೀರಿಕೊಂಡಳು. ಕಿರ್ಕಿಂಜೆಗೆ ಈಗ ಷಿರಿಂಜೆ ಎಂಬ ಹೆಸರು. ಮನೋಲಿಸನ ಜನ ಬಿಟ್ಟುಹೋದ ಮನೆಗಳಿಗೆ ಬಂದು ಸೇರಿದವರು, ಅದೇ ಒಪ್ಪಂದದಲ್ಲಿ ಗ್ರೀಸಿನ ಕವಾಲ ಸೀಮೆಯಿಂದ ಎಬ್ಬಿಸಿದ ಮುಸಲ್ಮಾನ ರೈತರು.