21 ದಿನಗಳ ಕಾವು

ಕೋಳಿ ಅಂಗಡಿಯಲ್ಲಿ ಕಾಣುವ ಬಿಳಿಯ ಬ್ರಾಯ್ಲರ್ ಕೋಳಿಯ ವಯಸ್ಸೆಷ್ಟು ಎಂದು ಕೇಳಿ ನೋಡಿ. ಆರು ವಾರ ಎನ್ನುವ ಉತ್ತರ ಬರುತ್ತದೆ. ಅಂದರೆ 42 ದಿನ. ಈ ಲೆಕ್ಕ ಶುರುವಾಗುವುದು ಮರಿ ಚಿಪ್ಪೊಡೆದು ಹೊರಬಂದ ದಿನದಿಂದ. ಅದಕ್ಕೂ ಮುಂಚೆ 21 ದಿನ ಅದು ಮೊಟ್ಟೆಯೊಳಗೆ ಬೆಳೆದಿರುತ್ತದೆ. ಎರಡನ್ನೂ ಕೂಡಿಸಿದರೆ 63 ದಿನ. ಆ ಜೀವದ ಒಟ್ಟು ಬೆಳವಣಿಗೆಯ ಕಾಲದಲ್ಲಿ ಮೂರರಲ್ಲೊಂದು ಪಾಲು ಕಾವಿನಲ್ಲೇ ಮುಗಿದಿದೆ ಎಂದಾಯಿತು. ಹೊರಬಂದ ಮರಿಗೆ ಕೊಡಬೇಕಾದ ಆಹಾರ, ನೀರು, ಬೆಳಕು, ಲಸಿಕೆಗಳ ಬಗ್ಗೆ ಪುಸ್ತಕಗಟ್ಟಲೆ ಬರೆದಿದ್ದಾರೆ. ಮೊದಲ ಮೂರು ವಾರ ಕಾವು ಹೇಗೆ ಸಿಕ್ಕಿತು ಎಂಬುದು ಮುಂದಿನ ಆರು ವಾರಗಳ ಬೆಳವಣಿಗೆಯನ್ನು ಹೇಗೆ ತಿದ್ದುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ವಿಜ್ಞಾನ ಗಟ್ಟಿಯಾಗಿ ಕೇಳತೊಡಗಿದ್ದು ತೀರಾ ತಡವಾಗಿ. ಯಾಕೆ ತಡವಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳ್ಳಿಯ ಮನೆಗಳಲ್ಲಿ ಹೇಟೆಯನ್ನು ಕಾವಿಗೆ ಕೂರಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮಂಕರಿಗೆ ಹುಲ್ಲೋ ಹೊಟ್ಟೋ ಹಾಸಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು, ನಸುಗತ್ತಲಿನ ಮೂಲೆಯಲ್ಲಿ ಕೂರಿಸುತ್ತಾರೆ. ಹೇಟೆ ತನ್ನ ಹೊಟ್ಟೆಯ ಬರಿಮೈಯನ್ನು ಮೊಟ್ಟೆಗೆ ತಾಗಿಸಿ ಕೂರುತ್ತದೆ, ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತದೆ, ಕಾಳು ನೀರಿಗೆಂದು ಎದ್ದು ಹೋಗಿ ಬೇಗ ಮರಳುತ್ತದೆ. ಬಿಸಿ, ತೇವ, ಗಾಳಿ, ಹೊರಳಿಕೆ ಈ ನಾಲ್ಕೂ ಮೊಟ್ಟೆಗೆ ಬೇಕು. ಹೇಟೆ ನಾಲ್ಕನ್ನೂ ಯಾವ ಮಾಪಕವೂ ಇಲ್ಲದೆ ನಡೆಸುತ್ತದೆ. ತೊಂದರೆಯೆಂದರೆ, ಕಾವಿಗೆ ಕೂತ ಹೇಟೆ ಮೊಟ್ಟೆ ಇಡುವುದಿಲ್ಲ, ಅದರ ಮೈಯಡಿ ಹಿಡಿಯುವ ಮೊಟ್ಟೆಗಳೂ ಕಡಿಮೆ. ಹೇಟೆಯ ಹಂಗಿಲ್ಲದೆ ಮರಿ ಮಾಡುವ ಆಸೆ ಹುಟ್ಟಿದ್ದು ಇದರಿಂದಲೇ.

ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್, ಈಜಿಪ್ಟಿನ ಜನ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹೂತು ಮರಿ ಮಾಡುತ್ತಾರೆಂದು ಬರೆದ. ಸಿರಾಕ್ಯೂಸ್ ಪಟ್ಟಣದ ಕುಡುಕನೊಬ್ಬ ಚಾಪೆಯ ಕೆಳಗೆ ಮೊಟ್ಟೆಗಳನ್ನಿಟ್ಟು, ಅವು ಮರಿಯಾಗುವ ತನಕ ಎಡೆಬಿಡದೆ ಕುಡಿಯುತ್ತ ಕೂತಿದ್ದನೆಂಬ ಕಥೆಯನ್ನೂ ಆತ ಅಲ್ಲೇ ಹೇಳುತ್ತಾನೆ! ಕಥೆ ಹೇಗಾದರೂ ಇರಲಿ. ಆತ ಮೊಟ್ಟೆಯೊಳಗಿನ ಬೆಳವಣಿಗೆಯನ್ನು ದಿನದಿನದ ಲೆಕ್ಕದಲ್ಲಿ ವಿವರಿಸಿದ್ದು ಮಾತ್ರ ಕಥೆಯಲ್ಲ. ಮೂರು ದಿನ ಕಳೆದಾಗ ಬಿಳಿಲೋಳೆಯ ನಡುವೆ ರಕ್ತದ ಚುಕ್ಕೆಯೊಂದು ಮಿಡಿಯುವುದನ್ನು ಗುರುತಿಸಿ, ಅದೇ ಹೃದಯವೆಂದ. ಆ ಪುಟ್ಟ ಹೃದಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಜಿಪ್ಟಿನಲ್ಲಿ ಗೊಬ್ಬರದ ರಾಶಿಯ ಜಾಗಕ್ಕೆ ಮುಂದೆ ದೊಡ್ಡ ಕಾವುಮನೆಗಳು ಬಂದವು. ಹಸಿ ಇಟ್ಟಿಗೆಯ ಕಟ್ಟಡ, ನಡುವೆ ಓಣಿ, ಎರಡೂ ಬದಿಗೆ ಸಾಲು ಗೂಡುಗಳು. ಒಂದೊಂದು ಗೂಡಿಗೂ ಎರಡು ಅಂತಸ್ತು. ಕೆಳಗೆ ಸಾವಿರಾರು ಮೊಟ್ಟೆಗಳು, ಮೇಲೆ ಬೆರಣಿ ಮತ್ತು ಹುಲ್ಲಿನ ಸಣ್ಣ ಬೆಂಕಿ. ಕೆಲಸಗಾರ ಒಳಗೆ ತೆವಳಿಕೊಂಡು ಹೋಗಿ ಮೊಟ್ಟೆಗಳನ್ನು ಕೈಯಿಂದಲೇ ಹೊರಳಿಸುತ್ತಿದ್ದ. ಬಿಸಿ ಸರಿಯಾಗಿದೆಯೇ ಎಂದು ನೋಡಲು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದ. ರೆಪ್ಪೆಯ ಚರ್ಮ ತೆಳು, ಸ್ವಲ್ಪ ವ್ಯತ್ಯಾಸವೂ ತಿಳಿಯುತ್ತದೆ. ನನಗೆ ಇದಕ್ಕಿಂತ ಬೆರಗು ಹುಟ್ಟಿಸಿದ ಸಂಗತಿ ಬೇರೆ. ಸುಮಾರು ಹತ್ತು ದಿನಗಳಾದ ಮೇಲೆ ಅವರು ಬೆಂಕಿಯನ್ನು ಆರಲು ಬಿಟ್ಟು, ಅರ್ಧದಷ್ಟು ಮೊಟ್ಟೆಗಳನ್ನು ಮೇಲಿನ ಅಂತಸ್ತಿಗೆ ಹರಡುತ್ತಿದ್ದರು. ಅಷ್ಟು ಹೊತ್ತಿಗೆ ಮೊಟ್ಟೆಗಳೇ ಬಿಸಿ ಕೊಡತೊಡಗುತ್ತವೆ ಎಂಬುದು ಆ ಅಕ್ಷರವಿಲ್ಲದ ಕೆಲಸಗಾರರಿಗೆ ಗೊತ್ತಿತ್ತು. ಚೀನಾದವರೂ ಬುಟ್ಟಿಗಳಲ್ಲಿ ಹಳೆಯ ಮೊಟ್ಟೆಗಳ ಜೊತೆ ಹೊಸ ಮೊಟ್ಟೆಗಳನ್ನಿಟ್ಟು ಇದೇ ಗುಣವನ್ನು ಬಳಸಿಕೊಂಡರು.

ಯೂರೋಪಿನಲ್ಲಿ ಕಣ್ಣರೆಪ್ಪೆಯ ಕೆಲಸವನ್ನು ಯಂತ್ರಕ್ಕೆ ವಹಿಸುವ ಪ್ರಯತ್ನ ನಡೆಯಿತು. 17ನೆಯ ಶತಮಾನದ ಆರಂಭದಲ್ಲಿ ಡಚ್ಚರ ಕಾರ್ನೆಲಿಸ್ ಡ್ರೆಬ್ಬೆಲ್, ಬಿಸಿ ಹೆಚ್ಚಾದಾಗ ಪಾದರಸ ಮೇಲೇರಿ ಒಲೆಯ ಗಾಳಿದಾರಿಯನ್ನು ತಾನೇ ಮುಚ್ಚುವ ಉಪಾಯ ಮಾಡಿದ. 18ನೆಯ ಶತಮಾನದಲ್ಲಿ ಫ್ರಾನ್ಸಿನ ರಿಯೋಮರ್ ಈಜಿಪ್ಟಿನ ವಿದ್ಯೆಯನ್ನು ಪ್ಯಾರಿಸ್ಸಿನಲ್ಲಿ ನಡೆಸಿ ನೋಡಿದ. ಕುದುರೆ ಲದ್ದಿಯ ನಡುವೆ ಪೀಪಾಯಿ ಹೂತು, ಒಳಗೆ ಮೊಟ್ಟೆಯ ಬುಟ್ಟಿಗಳನ್ನೂ ತನ್ನದೇ ಥರ್ಮಾಮೀಟರನ್ನೂ ಇಳಿಬಿಟ್ಟ. ಲದ್ದಿಯ ಹಬೆ ಭ್ರೂಣಗಳನ್ನು ಕೊಲ್ಲುತ್ತಿತ್ತು, ಅದನ್ನು ತಡೆಯಲು ಬಹಳ ಪಾಡುಪಟ್ಟ. 1749ರಲ್ಲಿ ಆತ ಪ್ರಕಟಿಸಿದ ಗ್ರಂಥದಿಂದ ಕಾವು ಡಿಗ್ರಿಗಳ ಲೆಕ್ಕಕ್ಕೆ ಬಂತು. ಈಜಿಪ್ಟು ತನ್ನ ಪಿರಮಿಡ್ಡುಗಳಿಗಿಂತ ಈ ಕಾವುಮನೆಗಳ ಬಗ್ಗೆ ಹೆಮ್ಮೆಪಡಬೇಕು ಎಂಬುದು ಆತನ ಅಭಿಪ್ರಾಯ. 1881ರಲ್ಲಿ ಇಂಗ್ಲೆಂಡಿನ ಹಿಯರ್ಸನ್, ಬಿಸಿಗೆ ಉಬ್ಬುವ ದ್ರವ ತುಂಬಿದ ಲೋಹದ ಬಿಲ್ಲೆಯಿಂದ ದೀಪದ ಶಾಖವನ್ನು ಹತೋಟಿಯಲ್ಲಿಡುವ ಪೆಟ್ಟಿಗೆ ತಂದ. ರೈತರ ಮನೆಯಲ್ಲಿ ಸೀಮೆಎಣ್ಣೆ ದೀಪದಿಂದ ನಡೆಯುವ ಕಾವುಪೆಟ್ಟಿಗೆಗಳ ಕಾಲ ಶುರುವಾಯಿತು.

ಈ ಚರಿತ್ರೆಯ ಬಹು ಮುಖ್ಯ ತಿರುವು ಅಮೆರಿಕದ ಒಹಾಯೋ ರಾಜ್ಯದ್ದು. ಸ್ಯಾಮ್ಯುಯೆಲ್ ಸ್ಮಿತ್ ಎಂಬಾತನಿಗೆ 1918ರಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಆತನ ವಿಚಾರ ಸರಳ. ಒಂದೇ ದೊಡ್ಡ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮೊಟ್ಟೆಗಳನ್ನು ಜೋಡಿಸಿ, ಫ್ಯಾನಿನಿಂದ ಗಾಳಿಯನ್ನು ರಭಸವಾಗಿ ಆಡಿಸುವುದು. ಹದಿನೈದು ದಿನದ ಮೊಟ್ಟೆ ಹೊರಬಿಡುವ ಬಿಸಿಯನ್ನು ಆ ಗಾಳಿ ಎರಡು ದಿನದ ಮೊಟ್ಟೆಗೆ ಒಯ್ಯುತ್ತದೆ. ಈ ಹಕ್ಕಿಗಾಗಿ ನಡೆದ ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮೊಟ್ಟೆ ಯಾವಾಗ ಬಿಸಿ ತೆಗೆದುಕೊಳ್ಳುತ್ತದೆ, ಯಾವಾಗ ಬಿಸಿ ಕೊಡುತ್ತದೆ ಎಂಬ ಜೀವಶಾಸ್ತ್ರದ ಪಾಠವನ್ನು ನ್ಯಾಯಮೂರ್ತಿಗಳು ಕೂತು ಓದಬೇಕಾಯಿತು. 1935ರಲ್ಲಿ ತೀರ್ಪು ಸ್ಮಿತ್‌ನ ಪರವಾಗಿ ಬಂತು. ಅಷ್ಟರಲ್ಲಿ, 1922ರಲ್ಲೇ, ಅದೇ ರಾಜ್ಯದ ಐರಾ ಪೀಟರ್‌ಸೈಮ್ ಪೂರ್ತಿ ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನು ತಂದಿದ್ದ. ಹಲವು ವಯಸ್ಸಿನ ಮೊಟ್ಟೆಗಳನ್ನು ಒಟ್ಟಿಗೆ ಇಡುವ ಪದ್ಧತಿ ಹಲವು ದಶಕಗಳ ಕಾಲ ಹ್ಯಾಚರಿಗಳಲ್ಲಿ ಬೇರೂರಿತು. ವಿದ್ಯುತ್ ಉಳಿಯಿತು, ಕೆಲಸ ಸುಲಭವಾಯಿತು. ಯಂತ್ರದ ಗಾಳಿಯನ್ನು ಮೂರು ವಾರವೂ 37.5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲಿಸಿದರೆ ಸಾಕಿತ್ತು. ಹ್ಯಾಚರಿಯ ಯಶಸ್ಸನ್ನು ಅಳೆಯುತ್ತಿದ್ದ ಅಂಕಿಯೂ ಒಂದೇ: ನೂರು ಮೊಟ್ಟೆಗೆ ಎಷ್ಟು ಮರಿ?

ಇತ್ತ ಕೋಳಿಯೇ ಬದಲಾಗುತ್ತಿತ್ತು. 1923ರಲ್ಲಿ ಡೆಲವೇರ್ ರಾಜ್ಯದ ಸೆಸಿಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ ಸಾಕಲು 50 ಮರಿ ತರಿಸಿದರೆ, ತಪ್ಪಿ 500 ಬಂದವು. ಆಕೆ ಅವನ್ನು ಹಿಂದಿರುಗಿಸದೆ ಬೆಳೆಸಿ ಮಾಂಸಕ್ಕೆ ಮಾರಿದರು. ಬ್ರಾಯ್ಲರ್ ಉದ್ಯಮದ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. 1948ರಲ್ಲಿ ಅದೇ ರಾಜ್ಯದಲ್ಲಿ 'ನಾಳೆಯ ಕೋಳಿ' ಎಂಬ ಸ್ಪರ್ಧೆಯ ಅಂತಿಮ ಸುತ್ತು ನಡೆದು, ಎದೆ ತುಂಬಿದ, ಬೇಗ ಬೆಳೆಯುವ ತಳಿಗಳ ಆಯ್ಕೆಗೆ ವೇಗ ಬಂತು. ಆ ವೇಗ ಎಷ್ಟೆಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತಿಳಿಯುತ್ತದೆ. 1957ರ, 1978ರ ಮತ್ತು 2005ರ ತಳಿಗಳಿಗೆ ಒಂದೇ ಆಹಾರ ಕೊಟ್ಟು ಸಾಕಿದಾಗ, 56ನೆಯ ದಿನ ಅವುಗಳ ಸರಾಸರಿ ತೂಕ ಕ್ರಮವಾಗಿ 905 ಗ್ರಾಂ, 1808 ಗ್ರಾಂ, 4202 ಗ್ರಾಂ!

ಇಷ್ಟು ಅವಸರದಿಂದ ಬೆಳೆಯುವ ಜೀವ ಮೊಟ್ಟೆಯೊಳಗೂ ಅವಸರದಲ್ಲೇ ಇರುತ್ತದೆ. ಬೆಳವಣಿಗೆ ಎಂದರೆ ಆಮ್ಲಜನಕದ ಬಳಕೆ, ಆಮ್ಲಜನಕದ ಬಳಕೆ ಎಂದರೆ ಶಾಖ. ಇಂದಿನ ಬ್ರಾಯ್ಲರ್ ಭ್ರೂಣ ಕೊನೆಯ ವಾರದಲ್ಲಿ ಹೊರಬಿಡುವ ಬಿಸಿ ಹಳೆಯ ತಳಿಗಳದಕ್ಕಿಂತ ಹೆಚ್ಚು. ಯಂತ್ರದ ಮಾಪಕ 37.5 ತೋರಿಸುತ್ತಿದ್ದರೂ, ಒತ್ತೊತ್ತಾಗಿ ಜೋಡಿಸಿದ ಮೊಟ್ಟೆಯ ಚಿಪ್ಪು 39ರ ಸಮೀಪಕ್ಕೆ ಹೋಗಬಹುದು. ಭ್ರೂಣಕ್ಕೆ ಗೊತ್ತಾಗುವುದು ಚಿಪ್ಪಿನ ಬಿಸಿಯೇ ಹೊರತು ಮಾಪಕದ ಅಂಕಿಯಲ್ಲ.

ಆ ಒಂದು ಡಿಗ್ರಿಯಿಂದ ಏನಾಗುತ್ತದೆ? ನೆದರ್ಲೆಂಡ್ಸಿನ ವಾಗನಿಂಗನ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಪ್ಪಿನ ಉಷ್ಣತೆಯನ್ನು ಮೊದಲಿಂದ ಕೊನೆಯವರೆಗೆ 37.8 ಡಿಗ್ರಿಯಲ್ಲಿ ಹಿಡಿದಾಗ ಮರಿಗಳ ಸಂಖ್ಯೆಯೂ ಭ್ರೂಣದ ಬೆಳವಣಿಗೆಯೂ ಉತ್ತಮವಾಗಿದ್ದವು. ಮುಂದಿನ ಅಧ್ಯಯನಗಳು ಕಾವಿನ ಎರಡನೆಯ ಅರ್ಧದಲ್ಲಿ ಚಿಪ್ಪನ್ನು 38.9ಕ್ಕೆ ಏರಿಸಿ ನೋಡಿದವು. ಭ್ರೂಣ ಅವಸರಪಟ್ಟಿತು, ಮರಿ ಬೇಗ ಹೊರಬಂತು. ಚಿಪ್ಪಿನ ಸೂಕ್ಷ್ಮ ರಂಧ್ರಗಳಾದರೋ ಅಷ್ಟೇ. ಅವುಗಳ ಮೂಲಕ ಬರುವ ಆಮ್ಲಜನಕಕ್ಕೆ ಒಂದು ಮಿತಿಯಿದೆ. ಹಳದಿಯ ಪಾಲು ಪೂರ್ತಿ ಮೈಗೂಡದೆ ಹೊಟ್ಟೆಯೊಳಗೆ ಹೆಚ್ಚು ಉಳಿಯಿತು. ಹೃದಯ ಚಿಕ್ಕದಾಯಿತು. ಇಂಥ ಮರಿಗಳನ್ನು ಆರು ವಾರ ಸಾಕಿ ನೋಡಿದಾಗ ಬೆಳವಣಿಗೆ ಕುಂದಿತ್ತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸಾಯುವ ಪ್ರಮಾಣ ಹೆಚ್ಚಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಭಾರವಾಗುತ್ತ ಹೋಗುವ ಮೈಗೆ ರಕ್ತ ಪೂರೈಸಲು ಆ ಪುಟ್ಟ ಹೃದಯ ಸಾಲದು. ಹ್ಯಾಚರಿಯ ಲೆಕ್ಕದಲ್ಲಿ ಅದೂ ಒಂದು ಮರಿ. ನಷ್ಟ ಬರೆಯಲ್ಪಡುವುದು ಐದಾರು ವಾರಗಳ ನಂತರ, ಬೇರೆ ಊರಿನಲ್ಲಿ, ಸಾಕಿದವರ ಪುಸ್ತಕದಲ್ಲಿ. ಇಷ್ಟು ಕಾಲ ಈ ಪ್ರಶ್ನೆಯನ್ನು ಯಾರೂ ಕೇಳದಿದ್ದುದಕ್ಕೆ ಇದೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಒಂದೇ ವಯಸ್ಸಿನ ಮೊಟ್ಟೆಗಳನ್ನು ಮಾತ್ರ ಒಂದು ಯಂತ್ರದಲ್ಲಿಡುವ ಪದ್ಧತಿ. ಮೊದಲ ದಿನಗಳಲ್ಲಿ ಬಿಸಿ ಕೊಟ್ಟು, ಆಮೇಲೆ ಗಾಳಿಯ ಉಷ್ಣತೆಯನ್ನು ಹಂತಹಂತವಾಗಿ ಇಳಿಸುತ್ತ, ಕೊನೆಯ ವಾರ ತಣ್ಣೀರಿನ ಕೊಳವೆಗಳಿಂದ ಬಿಸಿಯನ್ನು ಹೊರತೆಗೆಯುತ್ತಾರೆ. ಖರ್ಚು ಹೆಚ್ಚು. ಒಂದು ಮೊಟ್ಟೆಯ ಬಿಸಿಯಿಂದ ಇನ್ನೊಂದನ್ನು ಬೆಚ್ಚಗಿಡುವ ಸ್ಮಿತ್‌ನ ಉಳಿತಾಯ ಇಲ್ಲಿಲ್ಲ. ಬೆಂಕಿ ಆರಿಸಿ ಮೊಟ್ಟೆ ಹರಡುತ್ತಿದ್ದ ಈಜಿಪ್ಟಿನವನಿಗೆ ಈ ಯಂತ್ರದ ತತ್ತ್ವವನ್ನು ವಿವರಿಸುವ ಅಗತ್ಯ ಬೀಳುತ್ತಿರಲಿಲ್ಲ.

ಹೊರಳಿಸುವ ವಿಷಯಕ್ಕೂ ಒಂದೆರಡು ಮಾತು. ಯಂತ್ರದ ತಟ್ಟೆಗಳು ಗಂಟೆಗೊಮ್ಮೆ ಒಂದು ಬದಿಗೆ 45 ಡಿಗ್ರಿ, ಮತ್ತೆ ಇನ್ನೊಂದು ಬದಿಗೆ 45 ಡಿಗ್ರಿ ವಾಲುತ್ತವೆ. 18ನೆಯ ದಿನದವರೆಗೆ ಹೀಗೆ. ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳದಿರಲಿ ಎಂಬುದಷ್ಟೇ ಉದ್ದೇಶವೆಂದು ಬಹಳ ಕಾಲ ತಿಳಿದಿದ್ದರು. ಉಸಿರಾಟಕ್ಕೆ ಬೇಕಾದ ರಕ್ತನಾಳಗಳ ಪೊರೆ ಚಿಪ್ಪಿನ ಒಳಮೈಯನ್ನೆಲ್ಲ ಆವರಿಸಲು, ಬಿಳಿಲೋಳೆಯ ಪೋಷಕಾಂಶ ಭ್ರೂಣಕ್ಕೆ ತಲುಪಲು ಹೊರಳಿಕೆ ಬೇಕೆಂಬುದು ನಂತರ ತಿಳಿಯಿತು. 3ರಿಂದ 7ನೆಯ ದಿನದ ಅವಧಿಯೇ ನಿರ್ಣಾಯಕವೆಂದು 1957ರಲ್ಲಿ ಬ್ರಿಟನ್ನಿನ ನ್ಯೂ ಎಂಬ ವಿಜ್ಞಾನಿ ತೋರಿಸಿದರು. ಆಗ ಹೊರಳಿಸದಿದ್ದರೆ, ಆಮೇಲೆ ಎಷ್ಟು ಹೊರಳಿಸಿದರೂ ಆ ಕೊರತೆ ತುಂಬುವುದಿಲ್ಲ. ನಾವು ದೂರದರ್ಶನದವರು ಚಿಪ್ಪು ಬಿರಿದು ಮರಿ ಕೊಕ್ಕು ಹೊರಹಾಕುವ ದೃಶ್ಯಕ್ಕೆ ಕ್ಯಾಮೆರಾ ಹಿಡಿದು ಕಾಯುತ್ತೇವೆ. ನಿಜವಾಗಿ ನಡೆಯಬೇಕಾದದ್ದೆಲ್ಲ ಎರಡು ವಾರ ಹಿಂದೆಯೇ ನಡೆದುಹೋಗಿರುತ್ತದೆ, ಅದಕ್ಕೆ ದೃಶ್ಯವಿಲ್ಲ!

ತೇವಾಂಶದ ಲೆಕ್ಕ ಸುಲಭ: 18 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಸುಮಾರು 12 ಶೇಕಡಾ ನೀರನ್ನು ಕಳೆದುಕೊಳ್ಳಬೇಕು. ಹಾಗಾದರೇ ಮರಿಯ ಮೊದಲ ಉಸಿರಿಗೆ ಬೇಕಾದ ಗಾಳಿಗೂಡು ಮೊಟ್ಟೆಯ ದಪ್ಪ ತುದಿಯಲ್ಲಿ ಮೂಡುತ್ತದೆ.

ಬಿಸಿ ಯಾವಾಗಲೂ ಶತ್ರುವೇ? ಇಸ್ರೇಲಿನ ವಿಜ್ಞಾನಿಗಳು ಇದಕ್ಕೆ ಬೇರೆ ಉತ್ತರ ಕೊಟ್ಟಿದ್ದಾರೆ. 2008ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 7ರಿಂದ 16ನೆಯ ದಿನದವರೆಗೆ ದಿನಕ್ಕೆ 12 ಗಂಟೆ ಮಾತ್ರ ಯಂತ್ರವನ್ನು 39.5 ಡಿಗ್ರಿಗೆ ಏರಿಸಿ, ತೇವಾಂಶವನ್ನೂ ಹೆಚ್ಚಿಸಿದರು. ಆ ಮರಿಗಳು ಮುಂದೆ ಬಿಸಿಲ ಝಳವನ್ನು ಹೆಚ್ಚು ತಾಳಿಕೊಂಡವು. ಬಿಸಿ ಸತತವಾಗಿ ಬೀಳುವುದೂ, ಭ್ರೂಣದ ನಿರ್ದಿಷ್ಟ ಹಂತದಲ್ಲಿ ವಿರಾಮ ಕೊಟ್ಟು ಬೀಳುವುದೂ ಒಂದೇ ಅಲ್ಲವೆಂದಾಯಿತು. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿನಲ್ಲಿ ಕೋಳಿ ಸಾಕುವವರಿಗೆ ಇದು ಬರಿಯ ಪ್ರಯೋಗಶಾಲೆಯ ಕುತೂಹಲವಲ್ಲ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಿದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೆಸರು ನಮ್ಮ ಹಳ್ಳಿಗಳಲ್ಲಿ ಚಿರಪರಿಚಿತ. ಪಶುವೈದ್ಯಕೀಯ ಓದಲು ಹೊರಟಿರುವ ವಿದ್ಯಾರ್ಥಿಗಳಿಗೆ ನಮ್ಮ ಬಿಸಿಲಿಗೂ ನಮ್ಮ ತಳಿಗೂ ಒಪ್ಪುವ ಕಾವು ಯಾವುದೆಂದು ಹುಡುಕುವ ಕೆಲಸ ಕಾದಿದೆ.

ಒಂದು ಕುತೂಹಲದ ಸಂಗತಿ ಉಳಿದಿದೆ. ಚಿಪ್ಪಿನ ಬಿಸಿಯನ್ನು ಅಳೆಯುವುದು ಹೇಗೆ? ಜ್ವರ ಬಂದ ಮಗುವಿನ ಕಿವಿಗೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹ್ಯಾಚರಿಗಳಲ್ಲಿ ಮೊಟ್ಟೆಯ ನಡುಭಾಗಕ್ಕೆ ಹಿಡಿಯುತ್ತಾರೆ. ಯಂತ್ರದ ಬಾಗಿಲು ತೆರೆದು, ತಟ್ಟೆಗಳ ನಡುವಿನಿಂದ ಕೆಲವು ಮೊಟ್ಟೆಗಳನ್ನು ಆರಿಸಿ, ಒಂದೊಂದಕ್ಕೂ ಅದನ್ನು ತಾಗಿಸಿ ಅಂಕಿ ಬರೆದುಕೊಳ್ಳುತ್ತಾರೆ. ಹಿಂದೆ ಅದೇ ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು.