ಮುಚ್ಚಿಟ್ಟ ಕಡತ ತೆರೆದಾಗ

1963ರ ಜೂನ್ 12ರ ನಡುರಾತ್ರಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ತಮ್ಮ ಮನೆಯಂಗಳದಲ್ಲೇ ಗುಂಡೇಟಿಗೆ ಬಲಿಯಾದರು. ಸಿಕ್ಕ ಬಂದೂಕಿನ ದೂರದರ್ಶಕದ ಮೇಲೆ ಬೈರನ್ ಡಿ ಲಾ ಬೆಕ್‌ವಿತ್‌ನ ಬೆರಳಚ್ಚಿತ್ತು. ಆದರೂ 1964ರಲ್ಲಿ ಎರಡು ಬಾರಿ ವಿಚಾರಣೆ ನಡೆದಾಗ, ಬಿಳಿಯರೇ ತುಂಬಿದ್ದ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆತ ಮನೆಗೆ ಮರಳಿದ.

ಜಾಕ್ಸನ್ನಿನ 'ಕ್ಲಾರಿಯನ್ ಲೆಜರ್' ಪತ್ರಿಕೆ ಆಗ ವರ್ಣಭೇದದ ಬೆಂಬಲಿಗ. ಬೆಕ್‌ವಿತ್ ಬಂಧನವಾದಾಗ ಅದರ ತಲೆಬರಹ ಆತನನ್ನು ಕ್ಯಾಲಿಫೋರ್ನಿಯದವನೆಂದಿತು. ಆತ ಹುಟ್ಟಿದ್ದು ಅಲ್ಲಿ, ನಿಜ. ಬೆಳೆದದ್ದು, ಬಾಳಿದ್ದು ಮಿಸಿಸಿಪ್ಪಿಯಲ್ಲಿ. ಸತ್ಯವನ್ನೇ ಹೇಳಿ ಸತ್ಯವನ್ನು ಮುಚ್ಚುವುದು ಹೀಗೆ!

ಅದೇ ಪತ್ರಿಕೆಯನ್ನು 1986ರಲ್ಲಿ ಸೇರಿದವರು ಬಿಳಿಯ ವರದಿಗಾರ ಜೆರ್ರಿ ಮಿಚೆಲ್. ಕರಿಯರ ಹೋರಾಟಗಾರರ ಮೇಲೆ ಬೇಹುಗಾರಿಕೆ ನಡೆಸಲು ರಾಜ್ಯ ಸರ್ಕಾರ 'ಸಾವರಿನ್ಟಿ ಕಮಿಷನ್' ಎಂಬ ಸಂಸ್ಥೆಯನ್ನು ಸಾಕಿತ್ತು. 1977ರಲ್ಲಿ ಅದರ ಕಡತಗಳಿಗೆ 50 ವರ್ಷಗಳ ಬೀಗ ಬಿತ್ತು. ಮಿಚೆಲ್ ಅದರೊಳಗಿನ ಮಾಹಿತಿಯನ್ನು ಸಂಪಾದಿಸಿ, 1989ರ ಅಕ್ಟೋಬರಿನಲ್ಲಿ ಬಯಲಿಗೆಳೆದರು. ಸರ್ಕಾರದ ಒಂದು ಕೈ ಬೆಕ್‌ವಿತ್‌ನ ಮೇಲೆ ಮೊಕದ್ದಮೆ ನಡೆಸುತ್ತಿದ್ದಾಗ, ಇನ್ನೊಂದು ಕೈ ಜ್ಯೂರಿ ಆಯ್ಕೆಯಲ್ಲಿ ಆತನ ವಕೀಲರಿಗೆ ಗುಟ್ಟಾಗಿ ನೆರವಾಗಿತ್ತು! ಎವರ್ಸ್ ಅವರ ಪತ್ನಿ ಮರುವಿಚಾರಣೆಗೆ ಒತ್ತಾಯಿಸಿದರು. 1994ರಲ್ಲಿ ಬೆಕ್‌ವಿತ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಮಿಚೆಲ್ ಅಲ್ಲಿಗೇ ನಿಲ್ಲಲಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಸತ್ತಿದ್ದರು. ಹಿಂದಿನ ರಾತ್ರಿ ತಾನು ಮನೆಯಲ್ಲಿ ಟಿ.ವಿ.ಯಲ್ಲಿ ಕುಸ್ತಿ ನೋಡುತ್ತಿದ್ದೆ ಎಂದ ಆರೋಪಿ ಬಾಬಿ ಚೆರ್ರಿ. ಮಿಚೆಲ್ ಹಳೆಯ ಪತ್ರಿಕೆಯ ಟಿ.ವಿ. ಕಾರ್ಯಕ್ರಮಪಟ್ಟಿಯನ್ನು ಹುಡುಕಿಸಿದರು. ಆ ರಾತ್ರಿ ಕುಸ್ತಿಯೇ ಇರಲಿಲ್ಲ! 2002ರಲ್ಲಿ ಚೆರ್ರಿ ಅಪರಾಧಿಯೆಂದು ತೀರ್ಪಾಯಿತು. 1964ರಲ್ಲಿ ಮೂವರು ಕಾರ್ಯಕರ್ತರನ್ನು ಕೊಂದ ಪ್ರಕರಣದಲ್ಲಿ ಎಡ್ಗರ್ ರೇ ಕಿಲೆನ್ ಅಪರಾಧಿಯೆಂದು ತೀರ್ಪು ಬಂದದ್ದು 2005ರ ಜೂನ್ 21ರಂದು; ಹತ್ಯೆ ನಡೆದು ಸರಿಯಾಗಿ 41 ವರ್ಷಗಳಾಗಿದ್ದವು.

ಮುದುಕರನ್ನು ಈಗ ಜೈಲಿಗೆ ಹಾಕಿ ಏನು ಪ್ರಯೋಜನ ಎಂದು ಕೇಳಿದವರಿದ್ದರು. ಆದರೆ ಆ ಮುದುಕರು ಮಕ್ಕಳು ಮೊಮ್ಮಕ್ಕಳೊಡನೆ ಬಾಳಿದ ವರ್ಷಗಳು ಕೊಲೆಯಾದವರಿಗೆ ದಕ್ಕಿರಲಿಲ್ಲವಲ್ಲ? ಮಿಚೆಲ್ ಯಾರಿಗೂ ಶಿಕ್ಷೆ ವಿಧಿಸಲಿಲ್ಲ. ಅದು ನ್ಯಾಯಾಲಯದ ಕೆಲಸ. ಅವರು ಕಾಗದಗಳನ್ನು ಓದಿದರು, ಬಾಗಿಲು ತಟ್ಟಿ ಪ್ರಶ್ನೆ ಕೇಳಿದರು, ಉತ್ತರವನ್ನು ಪರೀಕ್ಷಿಸಿದರು. ದಶಕಗಳ ಕಾಲ ಹೆಚ್ಚಿನವರು ಮಾಡದಿದ್ದ ಕೆಲಸ ಇಷ್ಟೇ. ಒಂದು ಕಾಲದಲ್ಲಿ ಕೊಲೆಗಾರನ ಊರನ್ನು ಮರೆಸಿದ್ದ ಪತ್ರಿಕೆಯೇ ಕೊನೆಗೆ ಆತನ ಜಾಡನ್ನು ಜನರಿಗೆ ತೋರಿಸಿತು. ಪತ್ರಿಕೆಯ ಹೆಸರು ಬದಲಾಗಿರಲಿಲ್ಲ. ಅದರಲ್ಲಿ ಬರೆಯುವವರು ಬದಲಾಗಿದ್ದರು.